ಕೋಡ್ ಜನರೇಟರ್ ಯಾವ ಭಾಷೆಯಲ್ಲಿರಬೇಕು?

ಡೇಟಾ ಯಾವ ಆಕಾರದಲ್ಲಿರಬೇಕು ಅಂತ ಹೇಳುವ ಸ್ಕೀಮಾ ಫೈಲಿನಲ್ಲಿ ಒಂದು ಫೀಲ್ಡಿಗೆ ವಿವರಣೆ ಇತ್ತು. ಬರೆದವರು ಉದಾಹರಣೆಗೆ ಇರಲಿ ಅಂತ ಒಂದು ವಿಂಡೋಸ್ ಫೋಲ್ಡರಿನ ದಾರಿ ಹಾಕಿದ್ದರು: ಸಿ ಡ್ರೈವ್, ಆಮೇಲೆ ಬ್ಯಾಕ್‌ಸ್ಲ್ಯಾಶ್, ಆಮೇಲೆ ಎಲ್ಲ ಸಣ್ಣ ಅಕ್ಷರದಲ್ಲಿ ಯೂಸರ್ಸ್. ಸ್ಕೀಮಾ ನೋಡಿ ಕೋಡ್ ಬರೆದುಕೊಡುವ ನಮ್ಮ ಟೂಲ್ ಆ ವಿವರಣೆಯನ್ನು ಹಾಗೇ ಎತ್ತಿಕೊಂಡು ಜಾವಾ ಕ್ಲಾಸಿನ ಮೇಲೆ ಕಾಮೆಂಟಾಗಿ ಇಳಿಸಿತು. ಬಿಲ್ಡ್, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಕೆಲಸ, ಮುರಿದುಬಿತ್ತು. ಬರೀ ಕಾಮೆಂಟಿನಿಂದ ಬಿಲ್ಡ್ ಹೇಗೆ ಮುರಿಯುತ್ತದೆ ಅನ್ನಿಸಬಹುದು. ಜಾವಾದಲ್ಲಿ ಬ್ಯಾಕ್‌ಸ್ಲ್ಯಾಶ್ ಪಕ್ಕದಲ್ಲಿ ಸಣ್ಣ ಯು ಅಕ್ಷರ ಬಂದರೆ ಅದು ಯೂನಿಕೋಡ್ ಎಸ್ಕೇಪ್, ಅಂದರೆ ಒಂದು ಅಕ್ಷರವನ್ನು ಅದರ ಸಂಖ್ಯೆಯಿಂದ ಬರೆಯುವ ರೀತಿ. ಕಂಪೈಲರ್ ಅದನ್ನು ಎಲ್ಲಕ್ಕಿಂತ ಮೊದಲು ಬಿಡಿಸಲು ನೋಡುತ್ತದೆ, ಇದು ಕಾಮೆಂಟೋ ಕೋಡೋ ಅಂತ ಗುರುತಿಸುವುದಕ್ಕೂ ಮೊದಲು. ಯು ಆದಮೇಲೆ ನಾಲ್ಕು ಹೆಕ್ಸ್ ಅಂಕಿ (ಸೊನ್ನೆಯಿಂದ ಒಂಬತ್ತು, ಎ ಇಂದ ಎಫ್) ಸಿಗದಿದ್ದರೆ ಅಲ್ಲೇ ನಿಂತು ತಪ್ಪು ಅನ್ನುತ್ತದೆ. ಇಲ್ಲಿ ಯು ಆದಮೇಲೆ ಸಿಕ್ಕಿದ್ದು ಎಸ್ ಅಕ್ಷರ.

ಇದನ್ನು ಹಿಡಿದವರು ಜಾವಾ ಕಡೆ ಕೆಲಸ ಮಾಡುವ ಗೆಳೆಯರೊಬ್ಬರು. ಹತ್ತು ನಿಮಿಷದಲ್ಲಿ ಹಿಡಿದರು. ಏನು ಮಾಡಬೇಕು ಅಂತಲೂ ಅವರಿಗೆ ಗೊತ್ತಿತ್ತು: ಕಾಮೆಂಟಿಗೆ ಹೋಗುವ ಪಠ್ಯದಲ್ಲಿ ಬ್ಯಾಕ್‌ಸ್ಲ್ಯಾಶ್ ಇದ್ದರೆ ಅದನ್ನು ಬದಲಿಸಿ ಬರೆಯಬೇಕು, ಅಷ್ಟೇ. ಆದರೂ ಅದು ಸರಿಯಾಗಲು ಆರು ದಿನ ಹಿಡಿಯಿತು. ಯಾಕೆಂದರೆ ಟೂಲ್ ನನ್ನದು, ನಾನು ರಜೆಯಲ್ಲಿದ್ದೆ. ಅವರು ಟೂಲಿನ ಕೋಡ್ ತೆರೆದು ನೋಡಿದ್ದರು. ಕಾಮೆಂಟ್ ಬರೆಯುವ ಜಾಗ ಒಂದಲ್ಲ, ಏಳು ಕಡೆ ಇತ್ತು. ಯಾವುದನ್ನು ಮುಟ್ಟಿದರೆ ಇನ್ಯಾವುದು ಕೆಡುತ್ತದೋ ಅಂತ ಮುಚ್ಚಿಟ್ಟು ನನಗಾಗಿ ಕಾದರು. ನಾನು ವಾಪಸ್ ಬಂದಾಗ ಅವರು ಒಂದು ಮಾತೂ ಬೇಸರದಿಂದ ಆಡಲಿಲ್ಲ. ನನಗೆ ಮಾತ್ರ ಅದು ಇವತ್ತಿಗೂ ಚುಚ್ಚುತ್ತದೆ. ತಪ್ಪು ಎಲ್ಲಿದೆ ಅಂತ ಗೊತ್ತಿದ್ದವರು, ಹೇಗೆ ಸರಿಮಾಡಬೇಕು ಅಂತ ಗೊತ್ತಿದ್ದವರು, ಆರು ದಿನ ಕೈಕಟ್ಟಿ ಕೂರಬೇಕಾಯಿತು.

ಟೂಲಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಸ್ಕೀಮಾ ಓದುತ್ತದೆ, ಸರ್ವರ್ ಜೊತೆ ಮಾತಾಡುವ ಕ್ಲೈಂಟ್ ಕೋಡನ್ನು ಜಾವಾ, ಟೈಪ್‌ಸ್ಕ್ರಿಪ್ಟ್, ಗೋ ಮೂರರಲ್ಲೂ ಬರೆದುಕೊಡುತ್ತದೆ. ಶುರುವಾದಾಗ 300 ಸಾಲಿನ ಪೈಥಾನ್ ಸ್ಕ್ರಿಪ್ಟ್. ಐದು ವರ್ಷದಲ್ಲಿ 8,000 ಸಾಲು ದಾಟಿತು. ಒಂದು ಸಾಲಿಗೆ ಇನ್ನೊಂದು ಸಾಲು ಅಂಟಿಸುತ್ತಾ ಹೋಗುವ ಕೋಡ್ ಅದು. ಇಂಥ ಟೂಲ್ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ ಬರೆಯೋಣ ಅನ್ನುವ ಮಾತಿಗೆ ಯಾರೂ ಬೇಡ ಅನ್ನಲಿಲ್ಲ. ಯಾವ ಭಾಷೆಯಲ್ಲಿ ಅನ್ನುವಲ್ಲಿಗೆ ಬಂದು ಎಲ್ಲ ನಿಂತುಹೋಯಿತು.

ಎಲ್ಲರಿಗೂ ಒಂದೊಂದು ಇಷ್ಟ

ನನ್ನ ಮನಸ್ಸಿನಲ್ಲಿ ರಸ್ಟ್ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷದಿಂದ ಸಂಜೆ ಹೊತ್ತು ರಸ್ಟ್ ಬರೆಯುತ್ತಿದ್ದೆ. ಈ ಕೆಲಸಕ್ಕೆ ಅದು ಹೇಳಿಮಾಡಿಸಿದ ಹಾಗಿದೆ ಅಂತ ನಿಜವಾಗಿ ನಂಬಿದ್ದೆ. ಕೋಡ್ ಜನರೇಟರ್ ಅಂದರೆ ಕೊನೆಗೂ ಏನು? ಒಂದು ಟೈಪ್ ಬರುತ್ತದೆ. ಅದು ಸಂಖ್ಯೆಯೋ, ಪಠ್ಯವೋ, ಪಟ್ಟಿಯೋ, ಎನಮ್ಮೋ (ಮೊದಲೇ ಹೆಸರಿಸಿಟ್ಟ ಕೆಲವು ಬೆಲೆಗಳಲ್ಲಿ ಒಂದು), ಇನ್ನೊಂದು ಮೆಸೇಜೋ (ಫೀಲ್ಡುಗಳ ಗುಂಪು) ಅಂತ ನೋಡಿ ಒಂದೊಂದಕ್ಕೆ ಒಂದೊಂದು ಥರ ಬರೆಯಬೇಕು. ರಸ್ಟಿನ ಎನಮ್ ಮತ್ತು ಮ್ಯಾಚ್ ಇರುವುದೇ ಇದಕ್ಕೆ. ಒಂದು ಬಗೆಯನ್ನು ಬಿಟ್ಟರೆ ಕಂಪೈಲರ್ ಮುಂದೆ ಹೋಗಲು ಬಿಡುವುದಿಲ್ಲ.

ಫ್ರಂಟ್‌ಎಂಡ್ ಕಡೆಯವರು ಟೈಪ್‌ಸ್ಕ್ರಿಪ್ಟ್ ಅಂದರು. ಅದರಲ್ಲೂ ಯೂನಿಯನ್ ಟೈಪ್ ಇದೆ, ನೆವರ್ ಟೈಪ್ ಬಳಸಿ ಅದೇ ಕಾವಲು ಹಾಕಬಹುದು. ಜಾವಾ ಕಡೆಯವರು ಕಾಟ್ಲಿನ್ ಅಂದರು, ಸೀಲ್ಡ್ ಕ್ಲಾಸ್ ತೋರಿಸಿದರು. ಸರ್ವರ್ ಕಡೆಯವರು ಗೋ ಅಂದರು, ಯಾಕೆಂದರೆ ಅವರ ದಿನವಿಡೀ ಕೆಲಸ ಗೋದಲ್ಲೇ. ಒಬ್ಬರು ಮಾತ್ರ ಪೈಥಾನಿನಲ್ಲೇ ಇರಲಿ ಅಂದರು. 2021ರ 3.10 ಆವೃತ್ತಿಯಲ್ಲಿ ಮ್ಯಾಚ್ ಬಂತು, 2022ರ 3.11ರಲ್ಲಿ ಯಾವ ಬಗೆಯೂ ಬಿಟ್ಟುಹೋಗಿಲ್ಲ ಅಂತ ಟೈಪ್ ಚೆಕರ್ ಕೈಲಿ ಪರೀಕ್ಷೆ ಮಾಡಿಸುವ ದಾರಿಯೂ ಬಂತು, ಕೆಟ್ಟಿರುವುದು ಭಾಷೆಯಲ್ಲ, ನಾವು ಬರೆದಿರುವ ರೀತಿ ಅಂದರು. ಆ ಮಾತನ್ನು ಆಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳಬೇಕಿತ್ತು.

ಎರಡು ವಾರ ಹೀಗೇ ಹೋಯಿತು. ಈಗ ಯೋಚಿಸಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಎಲ್ಲರೂ ಭಾಷೆಗಳ ಬಗ್ಗೆ ಮಾತಾಡಿದೆವು. ಟೂಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ಯಾವಾಗ ಕೆಡುತ್ತದೆ, ಕೆಟ್ಟಾಗ ಯಾರಿಗೆ ಮೊದಲು ಗೊತ್ತಾಗುತ್ತದೆ, ಅವರ ಕೈಲಿ ಏನಿರುತ್ತದೆ, ಇದು ಆ ಎರಡು ವಾರದಲ್ಲಿ ಒಮ್ಮೆಯೂ ಬರಲಿಲ್ಲ.

ವೇಗದ ಮಾತು ಮಾತ್ರ ಜಾಸ್ತಿಯೇ ಬಂತು. ಅದಕ್ಕೊಂದು ಕಾರಣವಿತ್ತು. 2025ರ ಮಾರ್ಚಿನಲ್ಲಿ, ಟೈಪ್‌ಸ್ಕ್ರಿಪ್ಟ್ ರೂಪಿಸಿದ ಆಂಡರ್ಸ್ ಹೈಲ್ಸ್‌ಬರ್ಗ್ ಅದರ ಕಂಪೈಲರನ್ನು ಗೋ ಭಾಷೆಗೆ ತರುತ್ತಿದ್ದೇವೆ ಅಂತ ಹೇಳಿದರು. ಸುಮಾರು 15 ಲಕ್ಷ ಸಾಲಿನ ವಿಎಸ್ ಕೋಡ್ ಪ್ರಾಜೆಕ್ಟನ್ನು ಪರಿಶೀಲಿಸಲು 77.8 ಸೆಕೆಂಡ್ ಹಿಡಿಯುತ್ತಿದ್ದದ್ದು 7.5 ಸೆಕೆಂಡಿಗೆ ಇಳಿಯಿತು. ಹತ್ತು ಪಟ್ಟು. ಇಂಥ ಅಂಕಿ ನೋಡಿದ ಮೇಲೆ ಯಾರಿಗಾದರೂ ಆಸೆ ಆಗದೆ ಇರುತ್ತದಾ? ನಾನು ನಮ್ಮ ಟೂಲಿಗೂ ಗಡಿಯಾರ ಇಟ್ಟು ನೋಡಿದೆ. ಒಟ್ಟು 11 ಸೆಕೆಂಡ್. ಅದರಲ್ಲಿ 7 ಸೆಕೆಂಡ್ ನಮ್ಮದೇ ಅಲ್ಲ, ಬರೆದ ಕೋಡನ್ನು ಚೊಕ್ಕ ಮಾಡುವ ಹೊರಗಿನ ಫಾರ್ಮ್ಯಾಟರ್‌ಗಳದ್ದು. ಉಳಿದ 4 ಸೆಕೆಂಡನ್ನು ಸೊನ್ನೆ ಮಾಡಿದರೂ ದಿನಕ್ಕೆ ಮೂರು ಸಲ ಓಡಿಸುವ ಟೂಲಿನಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆ ಸುದ್ದಿಯಲ್ಲಿ ನಮಗೆ ಬೇಕಾಗಿದ್ದು ಹತ್ತು ಪಟ್ಟು ಅಲ್ಲ, ಬೇರೆಯೇ ಇತ್ತು. ಅವರು ಗೋ ಆರಿಸಿದ್ದಕ್ಕೆ ಕೊಟ್ಟ ಕಾರಣ: ಹೊಸದಾಗಿ ಬರೆಯುತ್ತಿಲ್ಲ, ಇರುವುದನ್ನೇ ಫೈಲಿಗೆ ಫೈಲು ಸಾಗಿಸುತ್ತಿದ್ದೇವೆ, ಹಳೆ ಕೋಡಿನ ಆಕಾರ ಹಾಗೇ ಉಳಿಯುವ ಭಾಷೆ ಬೇಕು, ಅದರಲ್ಲಿ ಒಂದಕ್ಕೊಂದು ಸುತ್ತಿಕೊಂಡ ಡೇಟಾ ತುಂಬ ಇದೆ, ಬೇಡವಾದ ಮೆಮೊರಿಯನ್ನು ಭಾಷೆಯೇ ತೆರವು ಮಾಡುವ ಗಾರ್ಬೇಜ್ ಕಲೆಕ್ಷನ್ ಇದ್ದರೆ ಅದು ಸಲೀಸು. ಅಂದರೆ ಭಾಷೆಗಳಲ್ಲಿ ಯಾವುದು ಮೇಲು ಅನ್ನುವುದು ಅವರ ಪ್ರಶ್ನೆ ಆಗಿರಲಿಲ್ಲ. ಈ ಕೋಡಿಗೆ, ಈ ಜನಕ್ಕೆ ಯಾವುದು ಅನ್ನುವುದು ಪ್ರಶ್ನೆ. ಈ ವ್ಯತ್ಯಾಸ ನನಗೆ ತಟ್ಟಲು ಸ್ವಲ್ಪ ಸಮಯ ಬೇಕಾಯಿತು.

340 ಫೈಲುಗಳ ಡಿಫ್

ಹಳೆ ಟೂಲಿನ ಇನ್ನೊಂದು ದಿನ ನೆನಪಾಗುತ್ತದೆ. ಒಂದು ಪುಲ್ ರಿಕ್ವೆಸ್ಟ್, ಅಂದರೆ ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ಬಂದಿತ್ತು, 340 ಫೈಲು ಬದಲಾಗಿದ್ದವು. ತೆರೆದು ನೋಡಿದರೆ ಹೆಚ್ಚಿನವುಗಳಲ್ಲಿ ಮೇಲಿನ ಇಂಪೋರ್ಟ್ ಸಾಲುಗಳು ಹಿಂದುಮುಂದಾಗಿದ್ದವು, ಬೇರೆ ಏನೂ ಇಲ್ಲ. ಕಾರಣ ನಾನೇ. ಒಂದೇ ಇಂಪೋರ್ಟ್ ಎರಡು ಸಲ ಬರಬಾರದು ಅಂತ ಒಂದು ಪಟ್ಟಿಯನ್ನು, ಒಂದೇ ಬೆಲೆ ಎರಡು ಸಲ ಸೇರಲು ಬಿಡದ ಸೆಟ್ ಆಗಿ ಬದಲಾಯಿಸಿದ್ದೆ. ಪೈಥಾನಿನಲ್ಲಿ ಡಿಕ್ಷನರಿ ಹಾಕಿದ ಕ್ರಮವನ್ನೇ ಕಾಯುತ್ತದೆ, 2018ರ 3.7ರಿಂದ ಅದು ಭಾಷೆ ಕೊಡುವ ಮಾತು. ಸೆಟ್‌ಗೆ ಆ ಮಾತಿಲ್ಲ. ಅದರ ಮೇಲೆ 2012ರ 3.3ರಿಂದ ಪಠ್ಯದ ಹ್ಯಾಷ್, ಅಂದರೆ ಸೆಟ್ ಒಳಗೆ ಜಾಗ ಹುಡುಕಲು ಬಳಸುವ ಸಂಖ್ಯೆ, ಪ್ರತಿ ಸಲ ಓಡಿಸಿದಾಗಲೂ ಬೇರೆ ಬೇರೆ ಬರುತ್ತದೆ, ಸುರಕ್ಷತೆಗಾಗಿ ಹಾಗೆ ಮಾಡಿದ್ದಾರೆ. ಹಾಗಾಗಿ ಅದೇ ಸ್ಕೀಮಾ, ಅದೇ ಟೂಲ್, ಒಂದೊಂದು ಸಲ ಒಂದೊಂದು ಕ್ರಮ.

ರಿವ್ಯೂ ಮಾಡಿದವರು 340 ಫೈಲನ್ನೂ ಮೇಲಿಂದ ಕೆಳಗೆ ಉರುಳಿಸಿ, ಇಂಪೋರ್ಟ್ ಮಾತ್ರ ಅಲ್ವಾ ಅಂತ ಒಪ್ಪಿಗೆ ಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದೇ ಮಾಡುತ್ತಿದ್ದೆ. ಆದರೆ ಒಂದು ಫೈಲಿನಲ್ಲಿ ನಿಜವಾದ ಬದಲಾವಣೆ ಇತ್ತು. ಟೈಪ್‌ಸ್ಕ್ರಿಪ್ಟ್ ಕಡೆ ಒಂದು 64 ಬಿಟ್ ಐಡಿ ಅಲ್ಲಿವರೆಗೆ ಸ್ಟ್ರಿಂಗ್ ಆಗಿತ್ತು, ಅದು ನಂಬರ್ ಆಗಿತ್ತು. ಜಾವಾಸ್ಕ್ರಿಪ್ಟಿನ ನಂಬರ್ 9007199254740991ರವರೆಗೆ ಪೂರ್ಣಾಂಕವನ್ನು ತಪ್ಪಿಲ್ಲದೆ ಹಿಡಿದಿಡುತ್ತದೆ. ಅದರಾಚೆ ನಂಬುವ ಹಾಗಿಲ್ಲ. ಎರಡು ವಾರ ಕಳೆದು ಒಬ್ಬರು ಹೇಳಿಕೊಂಡು ಬಂದರು: ಸರ್ವರಿನಲ್ಲಿ 993 ಅಂತ ಮುಗಿಯುವ ಐಡಿ ಪರದೆ ಮೇಲೆ 992 ಅಂತ ಕಾಣುತ್ತಿದೆ, ಒತ್ತಿದರೆ ಇನ್ಯಾರದ್ದೋ ರೆಕಾರ್ಡ್ ತೆರೆಯುತ್ತಿದೆ. ಆ ಒಂದು ಸಾಲು 339 ಫೈಲುಗಳ ಗದ್ದಲದಲ್ಲಿ ಕಾಣದೆ ದಾಟಿಹೋಗಿತ್ತು.

ಅವತ್ತಿನಿಂದ ಜನರೇಟರಿನ ಬಗ್ಗೆ ನನ್ನ ಮೊದಲ ಹಟ ಇದು: ಒಳಗೆ ಹೋದದ್ದು ಬದಲಾಗದಿದ್ದರೆ ಹೊರಗೆ ಬರುವುದರಲ್ಲಿ ಒಂದು ಬೈಟೂ ಬದಲಾಗಬಾರದು. ಡಿಫ್, ಅಂದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ, ಚಿಕ್ಕದಿದ್ದರೆ ಮಾತ್ರ ಮನುಷ್ಯರು ಓದುತ್ತಾರೆ. ಈ ಕಣ್ಣಿನಿಂದ ಭಾಷೆಗಳನ್ನು ನೋಡಿದರೆ ಬೇರೆ ಥರ ಕಾಣುತ್ತವೆ. ಗೋದಲ್ಲಿ ಮ್ಯಾಪ್ (ಕೀಲಿ ಮತ್ತು ಬೆಲೆಗಳ ಜೋಡಿಗಳು) ಮೇಲೆ ಲೂಪ್ ಹಾಕಿದರೆ ಕ್ರಮವನ್ನು ಬೇಕಂತಲೇ ಕಲಸುತ್ತಾರೆ, ಯಾರೂ ಅದನ್ನು ನೆಚ್ಚಿಕೊಳ್ಳಬಾರದು ಅಂತ. ಆದರೆ ಅದರ ಟೆಂಪ್ಲೇಟ್ ಲೈಬ್ರರಿಯಲ್ಲಿ ಅದೇ ಮ್ಯಾಪ್ ಮೇಲೆ ಓಡಿದರೆ ಕೀಲಿಗಳು ಜೋಡಿಸಿಕೊಂಡೇ ಬರುತ್ತವೆ. ಇದು ಗೊತ್ತಿಲ್ಲದೆ ಟೆಂಪ್ಲೇಟಿನಿಂದ ಲೂಪನ್ನು ಹೊರಗೆ ತಂದರೆ ಕ್ರಮ ಕೆಡುತ್ತದೆ. ರಸ್ಟಿನ ಹ್ಯಾಷ್‌ಮ್ಯಾಪ್ ಕೂಡ ಪ್ರತಿ ಸಲ ಬೇರೆ ಕ್ರಮ ಕೊಡುತ್ತದೆ, ಕೀಲಿಗಳನ್ನು ಜೋಡಿಸಿಟ್ಟುಕೊಳ್ಳುವ ಬಿ-ಟ್ರೀ-ಮ್ಯಾಪ್ ಬಳಸಿದರೆ ತೊಂದರೆ ಇಲ್ಲ. ಜಾವಾಸ್ಕ್ರಿಪ್ಟಿನ ಮ್ಯಾಪ್ ಹಾಕಿದ ಕ್ರಮ ಕಾಯುತ್ತದೆ, ಆದರೆ ಸಾದಾ ಆಬ್ಜೆಕ್ಟಿನಲ್ಲಿ ಅಂಕಿಯಂಥ ಕೀಲಿಗಳು ತಾವೇ ಮುಂದಕ್ಕೆ ಬಂದು ಕೂರುತ್ತವೆ. ಎನಮ್ ಬೆಲೆಗಳನ್ನು ಕೀಲಿ ಮಾಡಿಕೊಂಡವರಿಗೆ ಇದು ಒಳ್ಳೆ ಪೆಟ್ಟು ಕೊಡುತ್ತದೆ. ಒಟ್ಟಿನಲ್ಲಿ ಯಾವ ಭಾಷೆಯೂ ಇದನ್ನು ಸುಮ್ನೆ ಕೊಡುವುದಿಲ್ಲ. ಬರೆಯುವ ಮೊದಲು ಜೋಡಿಸು ಅನ್ನುವ ನಿಯಮ ನಾವೇ ಇಟ್ಟುಕೊಳ್ಳಬೇಕು. ಇಲ್ಲಿ ಭಾಷೆಗಳ ನಡುವೆ ಗೆದ್ದವರು ಇಲ್ಲ.

ಒಂದೇ ತುಣುಕು, ಎರಡು ಭಾಷೆ

ಮಾತು ಸಾಕು ಅನ್ನಿಸಿದಾಗ ಒಂದು ಚಿಕ್ಕ ತುಣುಕನ್ನು ಎರಡು ಭಾಷೆಯಲ್ಲಿ ಬರೆದು ನೋಡೋಣ ಅಂದುಕೊಂಡೆವು. ರಸ್ಟ್ ಮತ್ತು ಗೋ. ಟೈಪ್‌ಸ್ಕ್ರಿಪ್ಟ್ ಮತ್ತು ಕಾಟ್ಲಿನ್ ಕೈಬಿಟ್ಟಿದ್ದು ಒಂದೇ ಕಾರಣಕ್ಕೆ: ಟೂಲ್ ಓಡಿಸುವವರ ಯಂತ್ರದಲ್ಲಿ ಸಾಮಾನ್ಯವಾಗಿ ಇನ್ನೊಂದು ರನ್‌ಟೈಮ್, ಅಂದರೆ ಆ ಭಾಷೆಯ ಕೋಡನ್ನು ಓಡಿಸುವ ಪ್ರೋಗ್ರಾಂ, ಇರಬೇಕು. ನಮ್ಮ ಹಳೆ ಟೂಲಿನ ಬಗ್ಗೆ ಬಂದ ದೂರುಗಳಲ್ಲಿ ಹೆಚ್ಚಿನವು ಪೈಥಾನ್ ಆವೃತ್ತಿ ಹೊಂದುತ್ತಿಲ್ಲ ಅನ್ನುವಂಥವು. ಒಂದೇ ಬೈನರಿ, ಇಳಿಸಿಕೋ, ಓಡಿಸು. ಇಷ್ಟಾದರೆ ಆ ದೂರುಗಳೆಲ್ಲ ಹೋಗುತ್ತವೆ.

ತುಣುಕನ್ನು ಬೇಕಂತಲೇ ಕಷ್ಟದ್ದು ಆರಿಸಿದೆವು. ಒಂದು ಎನಮ್, ಖಾಲಿ ಇರಬಹುದಾದ ಒಂದು ಫೀಲ್ಡ್, ಆಮೇಲೆ ಒಂದನ್ನೊಂದು ಕರೆಯುವ ಎರಡು ಮೆಸೇಜ್: ಆರ್ಡರಿನ ಒಳಗೆ ಗ್ರಾಹಕ, ಗ್ರಾಹಕನ ಒಳಗೆ ಆರ್ಡರುಗಳ ಪಟ್ಟಿ. ಗೋದಲ್ಲಿ ಇದಕ್ಕೆ ಪಾಯಿಂಟರ್ ಇಟ್ಟರೆ ಮುಗಿಯಿತು. ರಸ್ಟಿನಲ್ಲಿ ಯಾರು ಯಾರ ಒಡೆಯ ಅನ್ನುವ ಪ್ರಶ್ನೆ ಮೊದಲ ದಿನವೇ ಎದುರು ನಿಂತಿತು. ಎಲ್ಲ ಟೈಪುಗಳನ್ನೂ ಒಂದೇ ವೆಕ್ಟರಿನಲ್ಲಿಟ್ಟು, ಒಂದರಿಂದ ಇನ್ನೊಂದಕ್ಕೆ ಪಾಯಿಂಟರ್ ಬದಲು ಕ್ರಮಸಂಖ್ಯೆ ಕೊಟ್ಟೆ. ಅದು ಎಲ್ಲರೂ ಬಳಸುವ ದಾರಿಯೇ, ಚೆನ್ನಾಗಿಯೂ ಇದೆ. ಬರೆದು ಮುಗಿಸಿದಾಗ ನನಗೆ ತುಂಬ ಖುಷಿಯಾಗಿತ್ತು. ರಸ್ಟ್ ತುಣುಕು ಗೋ ತುಣುಕಿಗಿಂತ ಚಿಕ್ಕದಾಗಿತ್ತು, ಗಟ್ಟಿಯಾಗಿತ್ತು. ಎನಮ್ಮಿಗೆ ಹೊಸ ಬಗೆ ಸೇರಿಸಿದರೆ ಕಂಪೈಲರ್ ಒಂಬತ್ತು ಜಾಗ ತೋರಿಸಿ ಇಲ್ಲೆಲ್ಲ ಉತ್ತರ ಕೊಡು ಅನ್ನುತ್ತಿತ್ತು. ಗೋದಲ್ಲಿ ಸ್ವಿಚ್ ಬರೆದು ಒಂದು ಬಗೆಯನ್ನು ಮರೆತರೆ ಕಂಪೈಲರ್ ಸುಮ್ಮನಿರುತ್ತದೆ. ಕೋಡಿನ ತಪ್ಪು ಹುಡುಕುವ ಲಿಂಟರ್ ಎಂಬ ಬೇರೆ ಟೂಲ್ ಹಾಕಬಹುದು, ಆದರೆ ಲಿಂಟರ್ ಬೇರೆ, ಭಾಷೆಯೇ ಹೇಳುವುದು ಬೇರೆ. ಆ ದಿನ ಕೇಳಿದ್ದರೆ ಎರಡನೇ ಮಾತಿಲ್ಲದೆ ರಸ್ಟ್ ಅನ್ನುತ್ತಿದ್ದೆ.

ಹಿಂದೆ ಕೂತು ನೋಡಿದ್ದು

ಆಗ ಆ ಆರು ದಿನ ನೆನಪಾಯಿತು. ಜಾವಾ ಕಡೆಯ ಆ ಗೆಳೆಯರನ್ನು ಕರೆದೆ. ಎರಡೂ ತುಣುಕು ಅವರ ಮುಂದಿಟ್ಟೆ. ಅವರಿಗೆ ರಸ್ಟೂ ಹೊಸದು, ಗೋವೂ ಹೆಚ್ಚುಕಡಿಮೆ ಹೊಸದು. ಕೊಟ್ಟ ಕೆಲಸ ಅದೇ ಹಳೆಯದು: ಕಾಮೆಂಟಿನಲ್ಲಿ ಬ್ಯಾಕ್‌ಸ್ಲ್ಯಾಶ್ ಬಂದರೆ ಜಾವಾ ಬಿಲ್ಡ್ ಮುರಿಯುತ್ತದೆ, ಸರಿಮಾಡಿ. ಜೊತೆಗೆ ಇನ್ನೊಂದು: ವಿವರಣೆಯ ಒಳಗೇ ನಕ್ಷತ್ರ ಮತ್ತು ಓರೆಗೆರೆ ಒಟ್ಟಿಗೆ ಬಂದರೆ ಕಾಮೆಂಟ್ ಅಲ್ಲೇ ಮುಗಿದು ಉಳಿದ ಪಠ್ಯ ಕೋಡಾಗಿ ಬಿಡುತ್ತದೆ, ಅದನ್ನೂ ಸರಿಮಾಡಿ. ನಾನು ಅವರ ಹಿಂದೆ ಕೂತೆ. ಕೇಳಿದರೂ ಉತ್ತರ ಕೊಡುವುದಿಲ್ಲ ಅಂತ ಮೊದಲೇ ಹೇಳಿದ್ದೆ.

ರಸ್ಟ್ ಮೊದಲು. ಜಾಗವನ್ನು ಅವರು ಬೇಗ ಹುಡುಕಿದರು, ಐದು ನಿಮಿಷವೂ ಆಗಲಿಲ್ಲ. ಪಠ್ಯವನ್ನು ಬದಲಿಸಿ ವಾಪಸ್ ಕೊಡುವ ಒಂದು ಫಂಕ್ಷನ್ ಬರೆದರು. ಅದನ್ನು ಕರೆಯಲು ಹೋದಾಗ ಸಿಕ್ಕಿಹಾಕಿಕೊಂಡರು. ಟೈಪಿನ ಒಳಗಿದ್ದ ವಿವರಣೆ ಎರವಲು ಪಡೆದ ಪಠ್ಯ, ಇವರು ಹೊಸದಾಗಿ ಮಾಡಿದ ಪಠ್ಯ ಫಂಕ್ಷನ್ ಮುಗಿದ ತಕ್ಷಣ ಹೋಗಿಬಿಡುತ್ತದೆ, ಅದರ ಆಯಸ್ಸು ಸಾಲದು ಅಂತ ಕಂಪೈಲರ್ ಹೇಳಿತು. ಕಂಪೈಲರ್ ಹೇಳಿದ್ದು ನೂರಕ್ಕೆ ನೂರು ಸರಿ. ಅವರು ಆ ಸಂದೇಶವನ್ನು ನಿಧಾನವಾಗಿ, ಎರಡು ಸಲ ಓದಿದರು. ಲೈಫ್‌ಟೈಮ್ ಗುರುತು ಸೇರಿಸಿ ನೋಡಿದರು. ಆಗ ತಪ್ಪು ಇನ್ನೊಂದು ಫೈಲಿಗೆ ಹೋಯಿತು. ನಲವತ್ತು ನಿಮಿಷ ಆದಮೇಲೆ ಕುರ್ಚಿ ಹಿಂದಕ್ಕೆ ಸರಿಸಿ, "ನನಗೆ ಏನು ಬೇಕು ಅಂತ ಗೊತ್ತಿದೆ. ಇದಕ್ಕೆ ಹೇಗೆ ಹೇಳಬೇಕು ಅಂತ ಗೊತ್ತಾಗ್ತಿಲ್ಲ" ಅಂದರು. ಬದಲಾಯಿಸಬೇಕಾಗಿದ್ದು ಒಂದು ಸಣ್ಣ ಜಾಗ ಮಾತ್ರ, ಎರವಲಿನ ಬದಲು ಸ್ವಂತ ಸ್ಟ್ರಿಂಗ್ ಇಟ್ಟುಕೊಳ್ಳುವುದು. ನಾನು ಬಾಯಿ ಬಿಗಿಹಿಡಿದು ಕೂತಿದ್ದೆ. ಕೂತಲ್ಲೇ ಅನ್ನಿಸಿತು, ಆ ಆರು ದಿನ ನಾನಿಲ್ಲದಾಗ ಹೀಗೇ ಕೂತಿದ್ದಿರಬೇಕು ಅಂತ.

ಗೋ ತುಣುಕಿನಲ್ಲಿ ಇಪ್ಪತ್ತೈದು ನಿಮಿಷ. ಭಾಷೆಯ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಓಡಿಸಿದರು, ಡಿಫ್ ನೋಡಿದರು, ಮುಗಿಯಿತು ಅಂದರು. ಆದರೆ ಮುಗಿದಿರಲಿಲ್ಲ. ಎನಮ್ಮಿನ ಒಳಗಿನ ಬೆಲೆಗಳಿಗೂ ವಿವರಣೆ ಇರುತ್ತದೆ, ಆ ದಾರಿಯನ್ನು ಅವರು ಬಿಟ್ಟಿದ್ದರು. ಗೋ ಏನೂ ಹೇಳಲಿಲ್ಲ. ರಸ್ಟ್ ತುಣುಕಿನಲ್ಲಿ ಕಾಮೆಂಟಿಗೆ ಹೋಗುವ ಪಠ್ಯಕ್ಕೆ ನಾನು ಬೇರೆಯೇ ಟೈಪ್ ಇಟ್ಟಿದ್ದೆ, ಹಾಗಾಗಿ ಅಲ್ಲಿ ಇದು ತಪ್ಪಿಸಿಕೊಳ್ಳುತ್ತಿರಲಿಲ್ಲ. ಮನೆಗೆ ಹೋಗುವಾಗ ಇದೇ ತಲೆಯಲ್ಲಿತ್ತು: ಗೋದಲ್ಲೂ ಬೇರೆ ಟೈಪ್ ಇಡಬಹುದಿತ್ತಲ್ಲ? ಹೌದು, ಇಡಬಹುದಿತ್ತು. ನಾನೇ ಇಟ್ಟಿರಲಿಲ್ಲ. ರಸ್ಟ್ ಬರೆಯುವಾಗ ಕೈ ತಾನಾಗಿ ಅತ್ತ ಹೋಗುತ್ತದೆ, ಗೋ ಬರೆಯುವಾಗ ಹೋಗಲಿಲ್ಲ. ಪೈಥಾನಿನಲ್ಲೇ ಇರಲಿ ಅಂದವರ ಮಾತಿನ ಅರ್ಧ ಅಲ್ಲಿ ನನಗೆ ಅರ್ಥವಾಯಿತು.

ಇನ್ನೂ ಇಬ್ಬರನ್ನು ಹೀಗೇ ಕೂರಿಸಿ ನೋಡಿದೆವು. ಒಬ್ಬರು ಎರಡನ್ನೂ ಸಲೀಸಾಗಿ ಮುಗಿಸಿದರು, ಇನ್ನೊಬ್ಬರದು ಮೊದಲಿನವರ ಕತೆಯೇ. ಮೂರು ಜನರಿಂದ ಯಾವ ದೊಡ್ಡ ತೀರ್ಮಾನವೂ ಆಗುವುದಿಲ್ಲ, ನಿಜ. ಆದರೆ ನನಗೆ ಪ್ರಪಂಚದ ಎಲ್ಲರ ಬಗ್ಗೆ ತೀರ್ಮಾನ ಬೇಕಾಗಿರಲಿಲ್ಲ. ಈ ಟೂಲನ್ನು ತೆರೆಯುವ ಜನ ಒಟ್ಟು ಇಪ್ಪತ್ತು. ಅವರಲ್ಲಿ ಮೂವರನ್ನು ನೋಡಿದ್ದೆ. ಗೋ ಅಂತ ಆಯಿತು. ರಸ್ಟ್ ಪರ ವಾದ ಮಾಡುತ್ತಿದ್ದವನು ನಾನೇ ಆಗಿದ್ದರಿಂದ ಆಮೇಲೆ ಚರ್ಚೆ ಉದ್ದವಾಗಲಿಲ್ಲ.

ರಸ್ಟ್ ತಪ್ಪು ಆಯ್ಕೆ ಅಂತ ಇದರಿಂದ ಯಾರೂ ತಿಳಿಯಬಾರದು. ಜನರೇಟರನ್ನು ಮೂರ್ನಾಲ್ಕು ಜನ ಮಾತ್ರ, ದಿನವೂ, ಅದೇ ಕೆಲಸವಾಗಿ ನೋಡಿಕೊಳ್ಳುವ ಕಡೆ ನಾನು ಇವತ್ತಿಗೂ ರಸ್ಟನ್ನೇ ಹೇಳುತ್ತೇನೆ. ನಮ್ಮದು ಹಾಗಲ್ಲ. ಆರು ತಿಂಗಳಿಗೊಮ್ಮೆ, ಯಾರೋ ಒಬ್ಬರು, ಬೇರೆ ಕೆಲಸದ ನಡುವೆ, ಬಿಲ್ಡ್ ಮುರಿದ ಬೇಸರದಲ್ಲಿ ತೆರೆಯುವ ಕೋಡ್ ಇದು.

ನಡುವಿನ ಫೈಲು

ಚರ್ಚೆಯಲ್ಲಿ ಒಬ್ಬರು ಇನ್ನೊಂದು ದಾರಿ ಹೇಳಿದ್ದರು, ಅದು ಪೂರ್ತಿ ಆಗಲಿಲ್ಲ, ಆದರೆ ಅರ್ಧ ಆದದ್ದೇ ಬಹಳ ಕೆಲಸಕ್ಕೆ ಬಂತು. ಸ್ಕೀಮಾ ಬರೆಯುವ ಒಂದು ಪದ್ಧತಿಯಾದ ಪ್ರೋಟೋಕಾಲ್ ಬಫರ್ಸ್ ಬಳಸಿದವರಿಗೆ ಅದರ ಕೋಡ್ ಜನರೇಟರ್ ಪ್ರೋಟೋಸಿ ಗೊತ್ತಿರುತ್ತದೆ. ಅದು ಸಿ ಪ್ಲಸ್ ಪ್ಲಸ್‌ನಲ್ಲಿದೆ. ಆದರೆ ಪ್ಲಗಿನ್ ಬರೆಯುವವರು ಸಿ ಪ್ಲಸ್ ಪ್ಲಸ್ ಮುಟ್ಟಬೇಕಾಗಿಲ್ಲ. ಪ್ರೋಟೋಸಿ ಸ್ಕೀಮಾವನ್ನು ಓದಿ, ಅರ್ಥಮಾಡಿಕೊಂಡು, ಅದನ್ನು ಒಂದು ಮೆಸೇಜಾಗಿ ಪ್ಲಗಿನ್ನಿನ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಕೊಡುತ್ತದೆ. ಪ್ಲಗಿನ್ ಯಾವ ಫೈಲಿನಲ್ಲಿ ಏನು ಬರೆಯಬೇಕು ಅಂತ ಇನ್ನೊಂದು ಮೆಸೇಜನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹಾಕುತ್ತದೆ. ಪ್ಲಗಿನ್ ಯಾವ ಭಾಷೆಯಲ್ಲಾದರೂ ಇರಬಹುದು. ಹಾಗಾದರೆ ಜಾವಾ ಬರೆಯುವ ಭಾಗವನ್ನು ಜಾವಾ ಕಡೆಯವರೇ ಜಾವಾದಲ್ಲೇ ಬರೆಯಲಿ, ಭಾಷೆಯ ಜಗಳವೇ ಬೇಡ ಅಲ್ವಾ ಅಂದರು ಅವರು. ತುಂಬ ಒಳ್ಳೆ ಯೋಚನೆ. ಬೇಡ ಅಂದಿದ್ದು ಮತ್ತೆ ರನ್‌ಟೈಮ್ ಕಾರಣಕ್ಕೆ: ಆಗ ಎಲ್ಲರ ಯಂತ್ರದಲ್ಲೂ ಜಾವಾನೂ ಬೇಕು, ಟೈಪ್‌ಸ್ಕ್ರಿಪ್ಟಿಗಾಗಿ ನೋಡ್ ಜೆಎಸ್ ಕೂಡ ಬೇಕು, ನಾವು ಯಾವುದರಿಂದ ತಪ್ಪಿಸಿಕೊಳ್ಳಲು ಹೊರಟಿದ್ದೆವೋ ಅಲ್ಲಿಗೇ ವಾಪಸ್.

ಆದರೆ ನಡುವಿನ ಆ ಮೆಸೇಜನ್ನು ಮಾತ್ರ ಉಳಿಸಿಕೊಂಡೆವು. ಹೊಸ ಟೂಲ್ ಸ್ಕೀಮಾ ಓದಿದ ಮೇಲೆ ತಾನು ಅರ್ಥಮಾಡಿಕೊಂಡದ್ದನ್ನು ಜೇಸನ್ ಆಗಿ ಬರೆದುಕೊಡುತ್ತದೆ, ಕೇಳಿದರೆ. ಯಾವ ಫೀಲ್ಡ್, ಯಾವ ಟೈಪ್, ಖಾಲಿ ಇರಬಹುದಾ, ವಿವರಣೆ ಏನು, ಸ್ಕೀಮಾದ ಯಾವ ಸಾಲಿನಿಂದ ಬಂತು. ಇದರಿಂದ ತಪ್ಪು ಹುಡುಕುವ ಕೆಲಸ ಎರಡು ತುಂಡಾಯಿತು. ಜೇಸನ್ನಿನಲ್ಲಿ ಸರಿ ಇದ್ದು ಹೊರಬಂದ ಕೋಡಿನಲ್ಲಿ ತಪ್ಪಿದ್ದರೆ ಟೆಂಪ್ಲೇಟ್ ನೋಡಿ. ಜೇಸನ್ನಿನಲ್ಲೇ ತಪ್ಪಿದ್ದರೆ ಓದುವ ಭಾಗ ನೋಡಿ. ಗೋ ಬರದವರೂ ಇಷ್ಟನ್ನು ಮಾಡಬಲ್ಲರು. ಇನ್ನೊಂದು ಯೋಚನೆಯನ್ನು ಯಾಕ್ ಎಂಬ ಹಳೆ ಟೂಲಿನಿಂದ ತೆಗೆದುಕೊಂಡೆವು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಆ ಪಾರ್ಸರ್ ಜನರೇಟರ್ ತಾನು ಬರೆಯುವ ಸಿ ಕೋಡಿನ ನಡುವೆ ಇದು ವ್ಯಾಕರಣದ ಫೈಲಿನ ಇಂತಿಷ್ಟನೇ ಸಾಲಿನಿಂದ ಬಂದದ್ದು ಅನ್ನುವ ಗುರುತು ಹಾಕುತ್ತಿತ್ತು, ಸಿ ಕಂಪೈಲರ್ ತಪ್ಪು ತೋರಿಸುವಾಗ ಮನುಷ್ಯರು ಬರೆದ ಜಾಗವನ್ನೇ ತೋರಿಸಲಿ ಅಂತ. ನಮ್ಮ ಟೂಲಿಗೂ ಒಂದು ಫ್ಲ್ಯಾಗ್ ಇದೆ. ಅದನ್ನು ಕೊಟ್ಟರೆ ಪ್ರತಿ ತುಂಡಿನ ಮೇಲೂ ಯಾವ ಟೆಂಪ್ಲೇಟಿನ ಎಷ್ಟನೇ ಸಾಲು ಇದನ್ನು ಬರೆಯಿತು ಅಂತ ಕಾಮೆಂಟ್ ಬರುತ್ತದೆ. ಇದನ್ನು ಮಾಡಲು ಒಂದೂವರೆ ದಿನ ಹಿಡಿಯಿತು. ಹೊಸ ಟೂಲಿನಲ್ಲಿ ನನಗೆ ಅತಿ ಪ್ರೀತಿಯದು ಇದೇ.

ಮೊದಲು ನಕಲು, ಆಮೇಲೆ ತಿದ್ದುಪಡಿ

ಬರೆಯಲು ಕೂತಾಗ ಒಂದು ನಿಯಮ ಮಾಡಿಕೊಂಡೆವು. ಹಳೆ ಟೂಲಿನ ತಪ್ಪುಗಳನ್ನೂ ಸೇರಿಸಿ ಹಾಗೇ ನಕಲು ಮಾಡುವುದು. ಎಲ್ಲ ಸ್ಕೀಮಾ ಫೈಲುಗಳನ್ನೂ ಎರಡೂ ಟೂಲಿಗೆ ಕೊಟ್ಟು ಹೊರಬಂದದ್ದನ್ನು ಬೈಟಿಗೆ ಬೈಟು ಹೋಲಿಸುವುದು. ಒಂದೂ ವ್ಯತ್ಯಾಸ ಇಲ್ಲ ಅಂತಾದ ದಿನ ಹಳೆಯದನ್ನು ಅಳಿಸಿ, ಆಮೇಲೆ ತಪ್ಪುಗಳನ್ನು ಒಂದೊಂದಾಗಿ ತಿದ್ದುವುದು. ಗೋ ಬಳಗದವರು ತಮ್ಮ ಕಂಪೈಲರನ್ನು ಸಿ ಇಂದ ಗೋಗೆ ತಂದಾಗಲೂ ಕೈಯಿಂದ ಹೊಸದಾಗಿ ಬರೆಯಲಿಲ್ಲ, ಸಿ ಕೋಡನ್ನು ಗೋ ಕೋಡಾಗಿ ತಿರುಗಿಸುವ ಒಂದು ಟೂಲನ್ನೇ ಬರೆದರು. 2015ರ ಆಗಸ್ಟಿನ 1.5 ಆವೃತ್ತಿ ಹಾಗೆ ಬಂದದ್ದು. ಆ ಸಲ ಬಿಲ್ಡ್ ಮಾಡುವ ಸಮಯ ಸುಮಾರು ಎರಡು ಪಟ್ಟು ಆಯಿತು, ಅದನ್ನು ಅವರೇ ಹೇಳಿಕೊಂಡರು, ಮುಂದಿನ ಆವೃತ್ತಿಗಳಲ್ಲಿ ತಿದ್ದಿಕೊಂಡು ಹೋದರು. ಮೊದಲು ಸಾಗಿಸು, ಆಮೇಲೆ ಚೆಂದ ಮಾಡು ಅನ್ನುವ ಧೈರ್ಯ ನನಗೆ ಅಲ್ಲಿಂದ ಬಂತು.

ಬೈಟಿಗೆ ಬೈಟು ಹೋಲಿಸುವುದು ಬರೆದಷ್ಟು ಸುಲಭವಲ್ಲ. ಕೊನೆ ವಾರದಲ್ಲಿ ಒಂದೇ ಫೈಲು ಉಳಿದಿತ್ತು. ಸ್ಕೀಮಾದಲ್ಲಿ ಒಂದು ದಶಮಾಂಶ ಫೀಲ್ಡಿಗೆ ಏನೂ ಕೊಡದಿದ್ದಾಗ ಬರುವ ಬೆಲೆ ಹತ್ತು ಲಕ್ಷ. ಪೈಥಾನ್ ಅದನ್ನು 1000000.0 ಅಂತ ಬರೆಯುತ್ತಿತ್ತು. ಗೋಗೆ ಸುಮ್ನೆ ಮುದ್ರಿಸು ಅಂದರೆ ಒಂದು, ಇ ಅಕ್ಷರ, ಪ್ಲಸ್, ಸೊನ್ನೆ, ಆರು ಅಂತ ಬರೆಯುತ್ತದೆ. ಬೆಲೆ ಎರಡೂ ಒಂದೇ, ಜಾವಾ ಕಂಪೈಲರ್ ಎರಡನ್ನೂ ಒಪ್ಪುತ್ತದೆ. ಇಷ್ಟಕ್ಕೆ ಬಿಟ್ಟುಬಿಡೋಣ ಅಂತ ಕೆಲವರು ಅಂದರು. ನಾನು ಬಿಡಲಿಲ್ಲ. 340 ಫೈಲಿನ ಆ ದಿನ ಎಲ್ಲರೂ ಇಷ್ಟೇ ಅಲ್ವಾ ಅಂದಿದ್ದೆವು. ದಶಮಾಂಶ ಬರೆಯಲು ಬೇರೆ ಫಂಕ್ಷನ್ ಬರೆದು, ಅದಕ್ಕೆ ಪರೀಕ್ಷೆ ಇಟ್ಟು, ಹೋಲಿಕೆ ಪೂರ್ತಿ ಖಾಲಿ ಬಂದ ಮೇಲೆಯೇ ಹಳೆ ಪೈಥಾನ್ ಫೋಲ್ಡರನ್ನು ಅಳಿಸಿದ್ದು.

ಗೋ ಹೇಳದೆ ಬಿಡುವುದಕ್ಕೂ ಬೆಲೆ ಕಟ್ಟಬೇಕಿತ್ತು. ಪ್ರತಿ ಸ್ವಿಚ್ಚಿನ ಕೊನೆಗೆ ಗೊತ್ತಿಲ್ಲದ ಬಗೆ ಬಂದರೆ ಅಲ್ಲೇ ನಿಲ್ಲು ಅಂತ ಬರೆದೆವು. ಒಂದು ಪರೀಕ್ಷೆ ಇದೆ, ಅದು ಸ್ಕೀಮಾದಲ್ಲಿ ಬರಬಹುದಾದ ಎಲ್ಲ ಬಗೆಯ ಟೈಪುಗಳನ್ನೂ ಮೂರು ಭಾಷೆಯ ಎಲ್ಲ ಟೆಂಪ್ಲೇಟುಗಳಿಗೂ ಉಣಿಸುತ್ತದೆ. ಕಾಮೆಂಟಿಗೆ ಹೋಗುವ ಪಠ್ಯಕ್ಕೆ ಬೇರೆ ಟೈಪ್ ಇಟ್ಟೆವು, ಸಾದಾ ಸ್ಟ್ರಿಂಗ್ ಕೊಟ್ಟರೆ ಕಂಪೈಲ್ ಆಗುವುದಿಲ್ಲ.

ಹೋದ ತಿಂಗಳು ಜಾವಾ ಕಡೆಯ ಆ ಗೆಳೆಯರಿಂದ ಒಂದು ಪುಲ್ ರಿಕ್ವೆಸ್ಟ್ ಬಂತು. ಸ್ಕೀಮಾಗೆ ಅವಧಿ ಅನ್ನುವ ಹೊಸ ಬಗೆ ಸೇರಿಸಿದ್ದರು, ಇಷ್ಟು ಸೆಕೆಂಡ್ ಇಷ್ಟು ಮಿಲಿಸೆಕೆಂಡ್ ಅಂತ ಹೇಳಲು. ನನ್ನನ್ನು ಏನೂ ಕೇಳಿರಲಿಲ್ಲ. ಕಮಿಟ್‌ಗಳನ್ನು ಒಂದೊಂದಾಗಿ ನೋಡಿದೆ. ಮೊದಲನೆಯದರಲ್ಲಿ ಜಾವಾ ಟೆಂಪ್ಲೇಟ್ ಮಾತ್ರ ಬದಲಾಗಿತ್ತು, ಪರೀಕ್ಷೆ ಕೆಂಪಾಗಿತ್ತು: ಟೈಪ್‌ಸ್ಕ್ರಿಪ್ಟಿನಲ್ಲಿ ಎರಡು ಕಡೆ, ಗೋದಲ್ಲಿ ಒಂದು ಕಡೆ ಅವಧಿ ಗೊತ್ತಿಲ್ಲ ಅಂತ. ರಸ್ಟ್ ಆಗಿದ್ದರೆ ಓಡಿಸುವ ಮೊದಲೇ ಕಂಪೈಲರ್ ಈ ಮೂರನ್ನೂ ಹೇಳುತ್ತಿತ್ತು, ಅದನ್ನು ನೋಡಿದಾಗೆಲ್ಲ ನನಗೆ ಇನ್ನೂ ಅನ್ನಿಸುತ್ತದೆ. ಎರಡನೇ ಕಮಿಟ್‌ನಲ್ಲಿ ಮೂರೂ ಕಡೆ ತುಂಬಿದ್ದರು. ಹೊರಬಂದ ಕೋಡಿನ ಡಿಫ್ ನಾಲ್ಕು ಫೈಲು, ಒಟ್ಟು 31 ಸಾಲು. ಎಲ್ಲವನ್ನೂ ಓದಿದೆ. ಒಂದು ಸಾಲಿನಲ್ಲಿ ಮಿಲಿಸೆಕೆಂಡನ್ನು ನಂಬರ್ ಮಾಡಿದ್ದರು, ಇದು 64 ಬಿಟ್ ಅಲ್ವಾ ಅಂತ ಕೇಳಿದೆ. ಹೌದು, ತಪ್ಪಾಯಿತು ಅಂತ ಹತ್ತು ನಿಮಿಷದಲ್ಲಿ ಮೂರನೇ ಕಮಿಟ್ ಬಂತು.